ಕೈ ನೋಡಿ ಬ್ರೇಕ್ ಪ್ಯಾಡ್ ಕೊಡುವ ಕಾಂತಾಮಣಿ

ಜರ್ಮನಿಯ ಇಂಗೋಲ್‌ಸ್ಟಾಟ್‌ನ ಉತ್ತರ ರೈಲು ನಿಲ್ದಾಣದ ಹಿಂದಿನ ಗಲ್ಲಿಗೆ ಇನ್ನೂ ಬೆಳಕು ಹರಿದಿಲ್ಲ. ಕಾರು ಕಂಪನಿಯ ಮೊದಲ ಪಾಳಿಯವರನ್ನು ಹೊತ್ತ ಬಸ್ಸುಗಳು ಮಾತ್ರ ಓಡಾಡುತ್ತಿವೆ. ಗಲ್ಲಿಯ ಕೊನೆಯಲ್ಲಿ ಒಂದು ಷಟರ್ ಅರ್ಧ ಎದ್ದಿದೆ. ಒಳಗೆ ನೀಲಿ ಏಪ್ರನ್ ಕಟ್ಟಿದ, ಕೂದಲನ್ನು ಬಿಗಿಯಾಗಿ ತುರುಬು ಹಾಕಿದ, ಬಿಳಿ ಹರಳಿನ ಮೂಗುಬಟ್ಟಿನ ಹೆಂಗಸೊಬ್ಬರು ಸ್ಟ್ಯಾಂಡಿಗೆ ನೇತುಹಾಕಿದ ಸೈಕಲ್ಲಿನ ಮುಂದಿನ ಚಕ್ರವನ್ನು ಒಂದೇ ಬೆರಳಿನಲ್ಲಿ ತಿರುಗಿಸಿ, ಕಿವಿಯನ್ನು ಅದರ ಹತ್ತಿರಕ್ಕೆ ತರುತ್ತಾರೆ. ಚಕ್ರ ಸುಮ್ಮನೆ ಸುತ್ತುತ್ತದೆ. ಬ್ರೇಕ್ ಒತ್ತಿದ್ದೇ ತಡ, ಗಲ್ಲಿಯೆಲ್ಲ ಎದ್ದು ಕೂರುವ ಹಾಗೆ ಕಿರುಚುತ್ತದೆ.

"ಕುಂಕುಮ," ಎನ್ನುತ್ತಾರೆ ಕಾಂತಾಮಣಿ, ನಾಡಿ ಹಿಡಿದು ರೋಗ ಹೇಳುವವರ ಧಾಟಿಯಲ್ಲಿ. "ಮೊನ್ನೆ ಆಯುಧಪೂಜೆ ಆಯ್ತಲ್ಲ. ಇವತ್ತು ಇಂಥವು ಇನ್ನೂ ನಾಕೈದು ಬತ್ತವೆ ನೋಡಿ."

ಟಾರ್ಚು ಹಿಡಿದು ನೋಡಿದರೆ ಅವರ ಮಾತು ನಿಜ. ಚಕ್ರದ ನಡುವೆ ಕೂರಿಸಿದ ಉಕ್ಕಿನ ತೆಳು ತಟ್ಟೆಯ, ಅಂದರೆ ಡಿಸ್ಕಿನ, ಸಣ್ಣ ತೂತುಗಳಲ್ಲಿ ಕೆಂಪು ಮೆತ್ತಿಕೊಂಡಿದೆ. ಹಳೆಯ ಸೈಕಲ್ಲುಗಳಲ್ಲಿ ಎರಡು ರಬ್ಬರ್ ಗಟ್ಟಿಗಳು ರಿಮ್ಮನ್ನು ಒತ್ತಿ ಹಿಡಿಯುತ್ತಿದ್ದವು. ಈಗಿನವುಗಳಲ್ಲಿ ಈ ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವುದು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಒಂದು ಜೊತೆ ಪ್ಯಾಡು. ಅದಕ್ಕೆ ಎಣ್ಣೆಯ ಪಸೆ ತಾಗಿದರೆ ಕೆಟ್ಟಿತು. ಕಾರಿಲ್ಲದ ಕನ್ನಡಿಗರು ಇಲ್ಲಿ ಆಯುಧಪೂಜೆಗೆ ಸೈಕಲ್ಲನ್ನೇ ತೊಳೆದು ನಿಲ್ಲಿಸುತ್ತಾರೆ. ಒಣ ಕುಂಕುಮ ಉಕ್ಕಿನ ಮೇಲೆ ನಿಲ್ಲದು, ಹಾಗಾಗಿ ಎರಡು ತೊಟ್ಟು ಕೊಬ್ಬರಿ ಎಣ್ಣೆಯಲ್ಲಿ ಕಲೆಸುತ್ತಾರೆ. ಇಡುವುದಕ್ಕೆ ಜಾಗ ಹುಡುಕಿದರೆ ಸೈಕಲ್ಲಿನಲ್ಲಿ ಎಲ್ಲಕ್ಕಿಂತ ದುಂಡಗೆ, ಬೆಳ್ಳಿಯ ತಟ್ಟೆಯಂತೆ ಹೊಳೆಯುವುದು ಡಿಸ್ಕೇ. ಭಕ್ತಿ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಕಾಂತಾಮಣಿಯವರಿಗೆ ಇದು ನಗುವ ಸಂಗತಿಯೂ ಹೌದು, ಅಲ್ಲವೂ ಹೌದು. ವರ್ಕ್‌ಶಾಪಿನ ಹಿಂಗೋಡೆಯಲ್ಲಿ ಎರಡು ಕೊಕ್ಕೆಗಳಿಗೆ ಒಂದು ಹಸಿರು ಸೈಕಲ್ ನೇತುಬಿದ್ದಿದೆ. ಧೂಳಿಲ್ಲ, ತುಕ್ಕಿಲ್ಲ, ಟೈರಿನಲ್ಲಿ ಗಾಳಿ ಸರಿಯಾಗಿದೆ. ಆದರೂ ಮೂರು ವರ್ಷದಿಂದ ಯಾರೂ ಅದನ್ನು ಹತ್ತಿಲ್ಲ. ಅದು ಅವರ ಗಂಡ ನಿಜಲಿಂಗಪ್ಪನವರದು. ಈ ದಿನ ಸಂಜೆ ನಾಲ್ಕಕ್ಕೆ ಅವರು ಬರುತ್ತಾರೆ. ಹೊಸ ಪ್ಯಾಡು ಹಾಕಿಸಿ ಒಂದು ಸಲ ಹತ್ತಿ ನೋಡುತ್ತೇನೆಂದು ಒಪ್ಪಿದ್ದಾರೆ.

"ಒಂದೇ ಸಲ ಅಂದವ್ರೆ," ಎನ್ನುತ್ತಾರೆ ಕಾಂತಾಮಣಿ, ಗೋಡೆಯ ಕಡೆ ನೋಡದೆ. "ಕೈಗೆ ಸರಿ ಅನ್ನಿಸ್ಲಿಲ್ಲ ಅಂದ್ರೆ ಯಾರಿಗಾದ್ರೂ ಕೊಟ್ಬಿಡು ಅಂದ್ರು. ಆಯ್ತು ಅಂದೆ. ಇನ್ನೇನನ್ಲಿ."

ಅಷ್ಟರಲ್ಲಿ ಷಟರಿನ ಕೆಳಗೆ ಒಂದು ಸೈಕಲ್ಲು, ಅದರ ಹಿಂದೆ ಮಗುವನ್ನು ಕೂರಿಸಿದ ಪುಟ್ಟ ಗಾಡಿ ಬಂದು ನಿಲ್ಲುತ್ತವೆ. ಮೈಸೂರಿನ ರಚನಾ, ಕಾರುಗಳ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ ಕೆಲಸ. ಹೆಲ್ಮೆಟ್ ತೆಗೆಯುವುದಕ್ಕೂ ಪುರುಸೊತ್ತಿಲ್ಲ.

"ಆಂಟಿ, ಸಾರಿ, ಮುಂಚೆ ಟೆರ್ಮಿನ್ ಬುಕ್ ಮಾಡಿಲ್ಲ. ಬ್ರೇಕ್ ಒತ್ತಿದ್ರೆ ಹಾರ್ನ್ ಥರ ಸೌಂಡು, ಆದ್ರೆ ಗಾಡಿ ನಿಲ್ತಾನೇ ಇಲ್ಲ. ನೆನ್ನೆ ಸಿಗ್ನಲ್ಲಲ್ಲಿ ಕಾಲ್ ಕೊಟ್ಟು ನಿಲ್ಸಿದೀನಿ. ಇವನನ್ನ ಕಿಟಾ ಡೇಕೇರಲ್ಲಿ ಬಿಟ್ಟು ಆಫೀಸಿಗೆ ಹೋಗ್ಬೇಕು."

"ಕುಂಕುಮ ಎಲ್ಲಿಟ್ಟೆ?"

ರಚನಾ ತುಟಿ ಕಚ್ಚಿಕೊಳ್ಳುತ್ತಾರೆ. "ಕನ್ನಡ ಸಂಘದ ಪೂಜೆಗೆ ಬರಕ್ಕಾಗ್ಲಿಲ್ಲ. ಮನೇಲೇ ಮಾಡ್ಕೊಂಡ್ವಿ. ಯೂಟ್ಯೂಬ್ ನೋಡಿ ಪ್ಯಾಡ್ ಬಿಚ್ಚಿ ಸ್ಟವ್ ಮೇಲೆ ಸ್ವಲ್ಪ ಸುಟ್ಟೂ ನೋಡಿದೆ."

"ಹಪ್ಪಳಾನಾ ಸುಡಕ್ಕೆ?" ಕಾಂತಾಮಣಿ ನಗುತ್ತಾರೆ. "ಎಣ್ಣೆ ಕುಡ್ದ ಪ್ಯಾಡು ಮುಗೀತು ಕಣಮ್ಮ. ಸುಟ್ರೂ ಅಷ್ಟೆ, ಉಜ್ಜಿದ್ರೂ ಅಷ್ಟೆ. ಡಿಸ್ಕನ್ನ ಸ್ಪಿರಿಟ್ ಹಾಕಿ ಒರಸ್ಬೋದು. ಪ್ಯಾಡು ಮಾತ್ರ ಹೊಸದೇ ಹಾಕ್ಬೇಕು."

ಮಗು ಗಾಡಿಯೊಳಗಿಂದ ಜರ್ಮನ್‌ನಲ್ಲಿ ಹಸಿವು ಎನ್ನುತ್ತದೆ. ಕಾಂತಾಮಣಿ ಏಪ್ರನ್ನಿನ ಜೇಬಿನಿಂದ ಒಂದು ಚಕ್ಕುಲಿ ತೆಗೆದು ಕೊಟ್ಟು ಕೆಲಸ ಶುರು ಮಾಡುತ್ತಾರೆ.

ಹೊರಗಿನವರಿಗೆ ಪ್ಯಾಡು ಎಂದರೆ ಪ್ಯಾಡು. ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ, ಹಾಕಿದರೆ ಆಯಿತು. ಕಾಂತಾಮಣಿಯವರ ಬೆನ್ನ ಹಿಂದಿನ ಗೋಡೆ ನೋಡಿದರೆ ಮಾತು ಬೇರೆ. ಉದ್ದಕ್ಕೂ ಸಣ್ಣ ಸಣ್ಣ ಖಾನೆಗಳು, ಒಂದೊಂದರಲ್ಲೂ ಒಂದೊಂದು ಆಕಾರ. ಚೌಕ, ಡಿ ಅಕ್ಷರದಂಥದು, ಮೇಲೆ ಕಿವಿಯಿದ್ದದ್ದು, ಪಕ್ಕಕ್ಕೆ ಬಾಲವಿದ್ದದ್ದು. ಕಣ್ಣಿಗೆ ಒಂದೇ ಥರ ಕಂಡರೂ ಒಂದು ಕೂದಲೆಳೆ ಆಚೀಚೆಯಾದರೆ ಕೂರುವುದಿಲ್ಲ. ಅದಕ್ಕೇ ಅವರು ಫೋಟೋ ತಂದವರನ್ನು ವಾಪಸ್ಸು ಕಳಿಸುತ್ತಾರೆ, ಹಳೆಯ ಪ್ಯಾಡನ್ನೇ ತರಬೇಕು. ಅದನ್ನು ಹೊಸದರ ಬೆನ್ನಿಗೆ ಬೆನ್ನು ಕೊಟ್ಟು ಹಿಡಿದು, ಬೆಳಕಿಗೆ ಎತ್ತಿ, ಅಂಚು ಅಂಚಿಗೆ ಸೇರಿದರೆ ಮಾತ್ರ ತಲೆಯಾಡಿಸುತ್ತಾರೆ.

ಆಕಾರ ಸಿಕ್ಕಿದ ಮೇಲೆ ಜಾತಿ. ಅವರ ಮಾತಿನಲ್ಲಿ ಮುಖ್ಯವಾದವು ಎರಡು, ಮೆತ್ತಂದು ಮತ್ತು ಲೋಹದ್ದು. ಮೆತ್ತಂದು ಅಂಟು, ನಾರು ಸೇರಿಸಿ ಮಾಡಿದ್ದು. ಮುಟ್ಟಿದ ಕೂಡಲೇ ಹಿಡಿಯುತ್ತದೆ, ಸದ್ದು ಮಾಡುವುದಿಲ್ಲ, ಆದರೆ ಮಳೆ ಕೆಸರಿನಲ್ಲಿ ಬೇಗ ಸವೆಯುತ್ತದೆ. ಲೋಹದ್ದು ತಾಮ್ರ ಕಬ್ಬಿಣದ ಪುಡಿಯನ್ನು ಕಾಯಿಸಿ ಒತ್ತಿದ್ದು. ಉದ್ದದ ಇಳಿಜಾರಿನ ಕಾವಿಗೂ ಬಗ್ಗುವುದಿಲ್ಲ, ಬಹಳ ಕಾಲ ಬಾಳುತ್ತದೆ, ಆದರೆ ತಣ್ಣಗಿದ್ದಾಗ ಕಿರುಗುಟ್ಟುತ್ತದೆ, ಕೈಯಲ್ಲಿ ಕಸುವು ಕೇಳುತ್ತದೆ. ಜೊತೆಗೆ ಕೆಲವು ಡಿಸ್ಕುಗಳ ಮೇಲೆಯೇ ಮೆತ್ತಂದು ಮಾತ್ರ ಹಾಕಿ ಎಂದು ಬರೆದಿರುತ್ತದೆ. ಅದನ್ನು ಓದದೆ ಲೋಹದ್ದು ಹಾಕಿದರೆ ಪ್ಯಾಡು ಉಳಿದು ಡಿಸ್ಕು ಸವೆಯುತ್ತದೆ.

ಇದೆಲ್ಲ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳಿಯಾರು. ಮುಂದಿನದು ಕಾಂತಾಮಣಿಯವರದೇ. ಅವರು ತಮ್ಮ ಬಲಗೈಯ ಎರಡು ಬೆರಳನ್ನು ರಚನಾರ ಮುಂದೆ ಚಾಚುತ್ತಾರೆ.

"ಹಿಡ್ಕೊ. ಬ್ರೇಕ್ ಒತ್ತೋ ಹಂಗೆ ಒತ್ತು."

ರಚನಾ ಒತ್ತುತ್ತಾರೆ. ಕಾಂತಾಮಣಿ ಕಣ್ಣು ಮುಚ್ಚಿ ಒತ್ತಡವನ್ನು ಅಳೆದು, "ಕಸುವಿದೆ. ದಿನಾ ಸೇತುವೆ ಇಳೀತೀಯ, ಹಿಂದೆ ಮಗ ಇರ್ತಾನೆ, ಮಳೆ ಅಂತ ಬಿಡಲ್ಲ. ನಿಂಗೆ ಲೋಹದ್ದು. ಸ್ವಲ್ಪ ಸದ್ದು ಮಾಡುತ್ತೆ, ಬೈಕೋಬೇಡ," ಎಂದು ಖಾನೆಗೆ ಕೈ ಹಾಕುತ್ತಾರೆ.

ಈ ಬೆರಳು ಹಿಡಿಸುವ ಪದ್ಧತಿ ಮೊದಮೊದಲು ಊರಿನ ಜರ್ಮನ್ನರಿಗೆ ಮುಜುಗರ ತಂದಿತ್ತಂತೆ. ಕೈ ಕುಲುಕುವುದಕ್ಕೂ ಅಳತೆ ಇಟ್ಟುಕೊಂಡ ಜನ, ಅಪರಿಚಿತ ಹೆಂಗಸಿನ ಬೆರಳು ಹಿಡಿದು ಒತ್ತುವುದೆಂದರೇನು! ಈಗ ಕೌಂಟರಿಗೆ ಬಂದವರೇ ಕೈಗವಸು ಕಳಚಿ ನಿಲ್ಲುತ್ತಾರೆ. ದಿನಕ್ಕೆ ಹದಿನೈದಿಪ್ಪತ್ತು ಸೈಕಲ್ಲು ಬರುತ್ತವೆ. ಬೆಳಿಗ್ಗೆ ಬಿಟ್ಟು ರೈಲು ಹತ್ತಿದವರಿಗೆ ಸಂಜೆ ಇಳಿಯುವ ಹೊತ್ತಿಗೆ ಸಿದ್ಧವಿರಬೇಕು. ಅಂಗಡಿಯ ಯಜಮಾನ ಓಬರ್‌ಮಾಯರ್ ಎಂಬ ಎತ್ತರದ ಮುದುಕ, ಚೈನು ಗೇರುಗಳನ್ನು ತಾನಿಟ್ಟುಕೊಂಡು ಬ್ರೇಕುಗಳನ್ನೆಲ್ಲ ಕಾಂತಾಮಣಿಯವರಿಗೆ ಬಿಟ್ಟಿದ್ದಾರೆ.

ಈ ಕೈಗೆ ಸೈಕಲ್ಲಿನ ನಂಟು ಅಂಟಿದ್ದು ಅರಸೀಕೆರೆಯಲ್ಲಿ.

ರೈಲ್ವೆ ಸ್ಟೇಷನ್ನಿನ ಎದುರು ಅವರ ತಂದೆ ಕೆಂಪಯ್ಯನವರ ಬಾಡಿಗೆ ಸೈಕಲ್ ಅಂಗಡಿ ಇತ್ತು. ಹಿಂದಿನ ಮಡ್‌ಗಾರ್ಡಿನ ಮೇಲೆ ನಂಬರು ಬರೆದ ಕರಿ ಸೈಕಲ್ಲುಗಳು ಸಾಲಾಗಿ ನಿಂತಿರುತ್ತಿದ್ದವು. ಗಂಟೆಗೆ ಇಷ್ಟು ಎಂದು ಬಾಡಿಗೆ. ಬಾಗಿಲ ಪಕ್ಕ ಒಂದು ಸ್ಲೇಟು, ಅದರಲ್ಲಿ ಸೈಕಲ್ಲಿನ ನಂಬರು, ಹೊರಟ ಟೈಮು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹಿರಿಮಗಳೇ ಬಲಗೈ. ಬಾಂಡಲಿಯ ನೀರಿನಲ್ಲಿ ಟ್ಯೂಬು ಅದ್ದಿ ಗುಳ್ಳೆ ಎಲ್ಲಿಂದ ಏಳುತ್ತದೆಂದು ಹುಡುಕುವುದು, ಉಪ್ಪುಕಾಗದದಲ್ಲಿ ಉಜ್ಜುವುದು, ಸಲ್ಯೂಷನ್ ಹಚ್ಚಿ ಬಾಯಲ್ಲಿ ಊದಿ ಒಣಗಿಸುವುದು. ಶಾಲೆಗೆ ಹೋದರೆ ಪಕ್ಕದ ಹುಡುಗಿಯರು ಸಲ್ಯೂಷನ್ ವಾಸನೆ ಎಂದು ದೂರ ಕೂರುತ್ತಿದ್ದರು. "ನಂಗೆ ಆ ವಾಸನೆ ಅಂದ್ರೆ ಈಗ್ಲೂ ಪ್ರಾಣ. ಬೇಜಾರಾದಾಗ ಡಬ್ಬಿ ಮುಚ್ಚಳ ತೆಗ್ದು ಮೂಸಿ ನೋಡ್ತೀನಿ. ಇವ್ರು ನೋಡಿ ನಗ್ತಾರೆ," ಎನ್ನುತ್ತಾರೆ.

ಬಾರಿನೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುವ ಪುಟ್ಟ ಹುಡುಗರ ಮೇಲೆ ಕೆಂಪಯ್ಯನವರಿಗೆ ವಿಶೇಷ ಮರುಕ. ಟೈಮಾದರೂ ಕೆಳಗಿಳಿಯಲು ಮನಸ್ಸಿಲ್ಲದೆ, "ಅಣ್ಣ, ಇನ್ನೊಂದ್ ರೌಂಡು," ಎಂದು ಗೋಗರೆಯುವ ಹುಡುಗನಿಗೆ ಅಂದು ಮೊದಲ ಬಾರಿಗೆ ಬ್ಯಾಲೆನ್ಸು ಸಿಕ್ಕಿದೆ ಎಂದು ಗೊತ್ತಾದರೆ ಮುಗಿಯಿತು. "ಹೋಗ್ ಬಾರ್ಲಾ, ಟೈಮ್ ಬರ್ಕೊಂಡಿಲ್ಲ," ಎನ್ನುತ್ತಿದ್ದರು. ಸ್ಲೇಟಿನಲ್ಲಿ ಟೈಮು ಎದ್ದು ಕಾಣುವಂತೆ ಬರೆದೇ ಇರುತ್ತಿತ್ತು. ಬರೆದ ಮಗಳೇ ಪಕ್ಕದಲ್ಲಿ ಕೂತು ಮುಸಿಮುಸಿ ನಗುತ್ತಿದ್ದಳು.

ಇದೇ ಅಂಗಡಿಗೆ ಶನಿವಾರ ಶನಿವಾರ ಐಟಿಐ ಓದುವ ಹುಡುಗನೊಬ್ಬ ಬಂದು ಏಳನೇ ನಂಬರಿನ ಸೈಕಲ್ಲೇ ಬೇಕೆನ್ನುತ್ತಿದ್ದ. ತೆಗೆದುಕೊಂಡು ಎಲ್ಲಾದರೂ ಹೋಗುತ್ತಿದ್ದನೇ ಎಂದರೆ ಅದೂ ಇಲ್ಲ. ಸ್ಟೇಷನ್ ಮುಂದಿನ ಬಯಲಲ್ಲಿ ಸುತ್ತು ಹೊಡೆದು ಹೊಡೆದು ಅಂಗಡಿಯ ಮುಂದೆಯೇ ಬ್ರೇಕ್ ಹಾಕುತ್ತಿದ್ದ. ಕೆಂಪಯ್ಯನವರು ಗಂಟಲು ಸರಿಮಾಡಿಕೊಂಡರೆ, "ಇನ್ನೊಂದ್ ರೌಂಡ್ ಹೋಗ್ಬರ್ಲಾ?" ಎನ್ನುತ್ತಿದ್ದ. ಮೀಸೆ ಬಂದ ಹುಡುಗನಿಗೆ ಟೈಮು ಬರೆದುಕೊಳ್ಳದೆ ಬಿಡುವಷ್ಟು ಮೆತ್ತಗಿರಲಿಲ್ಲ ಕೆಂಪಯ್ಯ. ಎರಡು ವರ್ಷ ಬಾಡಿಗೆ ಕಟ್ಟಿಸಿಕೊಂಡು ಆಮೇಲೆ ಮಗಳನ್ನು ಧಾರೆಯೆರೆದು ಕೊಟ್ಟರು. ಆ ಹುಡುಗನೇ ನಿಜಲಿಂಗಪ್ಪ.

ತೊಂಬತ್ತರ ದಶಕದಲ್ಲಿ ಯಂತ್ರದ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಬಂದ ಗಂಡನ ಜೊತೆ ಕಾಂತಾಮಣಿ ಇಲ್ಲಿಗೆ ಬಂದರು. ಅವರಿಗೆ ಸಿಕ್ಕಿದ ಕೆಲಸ ಶಾಲೆಯೊಂದರ ಅಡುಗೆಮನೆಯಲ್ಲಿ. ಸಿಪ್ಪೆ ಹೆರೆದ ಆಲೂಗಡ್ಡೆಗೆ ಲೆಕ್ಕವಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲೆ ಸ್ಪ್ಯಾನರು ಮುಟ್ಟಿದ್ದು ಮನೆಯ ಮಟ್ಟಿಗೆ ಮಾತ್ರ. ಮಗಳು ಇಳಾ ಬೆಳೆದು ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ ಕೆಲಸ ಹಿಡಿದಳು. ನಾಲ್ಕು ವರ್ಷದ ಹಿಂದೆ ನಿಜಲಿಂಗಪ್ಪ ನಿವೃತ್ತರಾದಾಗ ಗಂಡಹೆಂಡಿರು ಅಂಗಡಿಗೆ ಹೋಗಿ ಎರಡು ಸೈಕಲ್ ಕೊಂಡರು. ಡೋನಾವ್ ನದಿಯ ದಂಡೆಯ ದಾರಿ ಹಿಡಿದು ನೋಯ್‌ಬುರ್ಗ್‌ವರೆಗೆ ಹೋಗಿ ಬುತ್ತಿ ಬಿಚ್ಚಿ ಉಂಡು ಬರಬೇಕು ಎಂಬುದು ಆಸೆ. ಹಸಿರು ಅವರದು, ಕೆಂಪು ಇವರದು.

ಆ ವರ್ಷದ ಆಯುಧಪೂಜೆಗೆ ಕಾಂತಾಮಣಿಯವರಿಗೆ ಅಪ್ಪನ ಅಂಗಡಿಯ ನೆನಪು ಉಕ್ಕಿ ಬಂತು. ಸಾಲಾಗಿ ನಿಂತ ಸೈಕಲ್ಲುಗಳು, ಎಣ್ಣೆಬಟ್ಟೆಯಲ್ಲಿ ಒರೆಸಿದ ಹ್ಯಾಂಡಲ್ಲುಗಳ ಮಿಂಚು, ಚೆಂಡುಹೂ, ಬೂದುಗುಂಬಳಕಾಯಿ. ಕೊಬ್ಬರಿ ಎಣ್ಣೆಯ ಬಟ್ಟೆ ತೆಗೆದುಕೊಂಡು ಗಂಡನ ಸೈಕಲ್ಲನ್ನು ಮೊದಲು ಕೂರಿಸಿಕೊಂಡರು. ಫ್ರೇಮು, ಮಡ್‌ಗಾರ್ಡು, ಕಡ್ಡಿ ಕಡ್ಡಿಯೂ ಬಿಡದೆ ಒರೆಸಿ, ಡಿಸ್ಕನ್ನೂ ಮುಖ ಕಾಣುವ ಹಾಗೆ ತಿಕ್ಕಿ, ನಡುವೆ ದುಂಡಗೆ ಕುಂಕುಮ ಇಟ್ಟರು. ತಮ್ಮ ಸೈಕಲ್ಲಿಗೆ ಬರುವಷ್ಟರಲ್ಲಿ ಒಲೆಯ ಮೇಲಿನ ಹೋಳಿಗೆ ಕರೆಯಿತು. ಅದು ಹಾಗೇ ಉಳಿಯಿತು.

ಮಾರನೆಯ ಬೆಳಿಗ್ಗೆ ನಿಜಲಿಂಗಪ್ಪ ಬ್ರೆಡ್ ತರಲು ಹೊರಟರು. ಸೇತುವೆಯ ಇಳಿಜಾರಿನ ಕೊನೆಯಲ್ಲಿ ತಿರುವು. ಬ್ರೇಕ್ ಒತ್ತಿದರು. ಕಿರುಚಿತು, ಹಿಡಿಯಲಿಲ್ಲ. ಕಂಬಿಗೆ ಹೋಗಿ ಬಡಿದರು. ಬಲ ಮಣಿಕಟ್ಟು ಎರಡು ಕಡೆ ಮುರಿದು, ಪ್ಲೇಟು ಹಾಕಿಸಿಕೊಂಡು ಮನೆಗೆ ಬಂದರು.

"ಮಳೆ ಬಂದಿತ್ತು, ಜಾರ್ತು ಅಂತ ಎಲ್ರಿಗೂ ಹೇಳಿದ್ರು. ಡಾಕ್ಟ್ರಿಗೂ ಅದೇ, ಮಗಳಿಗೂ ಅದೇ," ಎನ್ನುತ್ತಾರೆ ಕಾಂತಾಮಣಿ. "ಮಳೆ ಎಲ್ಲಿ ಬಂದಿತ್ತು? ಹೊಳೆಯೋ ಬಿಸಿಲು. ನಂಗೂ ಒಂದ್ ಮಾತು ಅನ್ಲಿಲ್ಲ. ಬೈದಿದ್ರೆ ಅತ್ತು ಹಗುರಾಗ್ತಿದ್ದೆ."

ಸೊಟ್ಟಗಾದ ಚಕ್ರದ ಸೈಕಲ್ಲನ್ನು ತಳ್ಳಿಕೊಂಡು ಅವರು ಬಂದದ್ದು ಓಬರ್‌ಮಾಯರ್ ಅವರ ಇದೇ ವರ್ಕ್‌ಶಾಪಿಗೆ. ಮುದುಕ ಡಿಸ್ಕನ್ನು ಬೆರಳಿನಲ್ಲಿ ಸವರಿ ಮೂಸಿ, ಇದಕ್ಕೆ ಎಣ್ಣೆ ಹಾಕಿದ್ದು ಯಾರು ಎಂದು ಕೇಳಿದರು. ನಾನು ಎಂದರು ಕಾಂತಾಮಣಿ. ಮುದುಕ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದರು. ಕಾಯುತ್ತ ಕೂತಿದ್ದಾಗ ಪಕ್ಕದ ಬೆಂಚಿನಿಂದ ಸಲ್ಯೂಷನ್ ವಾಸನೆ ಬಂತು. ಅಲ್ಲೊಂದು ಪಂಕ್ಚರಾದ ಚಕ್ರ ಬಿದ್ದಿತ್ತು. ಏನು ತೋಚಿತೋ, ಎದ್ದು ಹೋಗಿ ಲಿವರು ಸೋಕಿಸದೆ ಎರಡು ಹೆಬ್ಬೆರಳಿನಲ್ಲೇ ಟೈರು ಕಳಚಿ ಪಂಕ್ಚರ್ ಹಾಕಿಟ್ಟರು. ಅದಾದ ಮುಂದಿನ ತಿಂಗಳಿಂದ ಅವರು ಇಲ್ಲಿನ ಕೆಲಸಗಾರ್ತಿ. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಯಾವ ಸರ್ಟಿಫಿಕೇಟೂ ಇಲ್ಲ. ಎಷ್ಟೋ ದಿನ ಬಂದ ಗಿರಾಕಿಗಳು ಅವರನ್ನು ಕಸ ಗುಡಿಸುವವರೆಂದುಕೊಂಡು ಮೆಕ್ಯಾನಿಕ್ ಎಲ್ಲಿ ಎಂದು ಕೇಳುತ್ತಿದ್ದರು. ಬರುತ್ತಾರೆ ಕೂತಿರಿ ಎಂದು ಹೇಳಿ ತಾವೇ ರಿಪೇರಿ ಮುಗಿಸಿ ಕೊಡುತ್ತಿದ್ದರಂತೆ.

ತಪ್ಪಿನ ಬೇರು ಸಿಕ್ಕಿದ್ದು ಫೋನಿನಲ್ಲಿ. ಅರಸೀಕೆರೆಯಲ್ಲಿ ತಂಗಿಯ ಮನೆಯಲ್ಲಿರುವ ತಾಯಿಗೆ ವಿಷಯ ಹೇಳಿದಾಗ ಮುದುಕಿ ಗದರಿಕೊಂಡರು. "ನಿಮ್ಮಪ್ಪ ಚಕ್ರಕ್ಕೆ ಯಾವತ್ತೇ ಎಣ್ಣೆಬಟ್ಟೆ ಮುಟ್ಟಿಸ್ತಿದ್ರು? ಚಕ್ರಕ್ಕೆ ಒಣ ಈಬತ್ತಿ ಅಲ್ವೇನೇ ಬಳೀತಿದ್ದದ್ದು? ನೀನೇ ತಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ."

ಹೌದು. ಹ್ಯಾಂಡಲ್ಲಿಗೆ ಎಣ್ಣೆ, ಹ್ಯಾಂಡಲ್ಲಿಗೆ ಕುಂಕುಮ. ಚಕ್ರ ನೆಲ ಮುಟ್ಟುತ್ತದೆ, ಅದಕ್ಕೆ ಕುಂಕುಮ ಇಡಬಾರದು ಎಂದು ಗದರಿಸಿ ಕೆಂಪಯ್ಯ ರಿಮ್ಮಿಗೆ ವಿಭೂತಿಯನ್ನಷ್ಟೇ ಬಳಿಯುತ್ತಿದ್ದರು. ಬ್ರೇಕು ಹಿಡಿಯುವ ಜಾಗಕ್ಕೆ ಪಸೆ ಸೋಕಬಾರದೆಂಬುದನ್ನು ಅವರು ಹೇಳಿದ್ದು ಹಾಗೆ. ಮಗಳ ನೆನಪಿನಲ್ಲಿ ಮಿಂಚಿದ್ದೆಲ್ಲ ಉಳಿದು ಬೂದಿ ಬಳಿದದ್ದು ಹಾರಿಹೋಗಿತ್ತು. "ಊರು ನೆನಪಾದಾಗೆಲ್ಲ ಹಂಗೇ ಅಲ್ವಾ," ಎನ್ನುತ್ತಾರೆ ಅವರು. "ಹೊಳೆಯೋದು ಮಾತ್ರ ಬತ್ತದೆ."

ಅಂದಿನಿಂದ ಕನ್ನಡ ಸಂಘದ ಆಯುಧಪೂಜೆಗೆ ಮುಂಚೆ ಅವರದೊಂದು ಪ್ರಕಟಣೆ ಕಡ್ಡಾಯ. ಎಣ್ಣೆ, ಘರ್ಷಣೆ ಎಂದು ಪಾಠ ಮಾಡಿದರೆ ಕೈಯಲ್ಲಿ ಅರಿಶಿನ ಕುಂಕುಮ ಹಿಡಿದು ನಿಂತವರ ಕಿವಿಗೆ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತು. ಅದಕ್ಕೆ ಅಪ್ಪನ ದಾರಿಯನ್ನೇ ಹಿಡಿದಿದ್ದಾರೆ. "ಡಿಸ್ಕು ಮಡೀಲಿದೆ. ಕೈ ಮುಗೀರಿ, ಮುಟ್ಟಬೇಡಿ." ಜನ ತಕರಾರಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸಂಘಕ್ಕೆ ಬಂದವರ ಸೈಕಲ್ಲು ಈಗ ಕಿರುಚುವುದಿಲ್ಲ. ಉಳಿದದ್ದು ರಚನಾರಂತೆ ಮನೆಯಲ್ಲೇ ಪೂಜೆ ಮಾಡಿಕೊಳ್ಳುವವರದು.

ಎಲ್ಲ ಸರಿಹೋಯಿತು, ಗಂಡನದೊಂದು ಬಿಟ್ಟು. ಪ್ಲಾಸ್ಟರು ಬಿಚ್ಚಿ, ವ್ಯಾಯಾಮವೆಲ್ಲ ಮುಗಿದ ಮೇಲೆ ನಿಜಲಿಂಗಪ್ಪನವರನ್ನು ಒಮ್ಮೆ ವರ್ಕ್‌ಶಾಪಿಗೆ ಕರೆತಂದಿದ್ದರು. ಹೊಸ ಚಕ್ರ, ಹೊಸ ಡಿಸ್ಕು ಹಾಕಿಸಿದ್ದಾಗಿತ್ತು. ಪ್ಯಾಡು ಆರಿಸುವಾಗ ಕಾಂತಾಮಣಿ ಹೆಚ್ಚು ಯೋಚಿಸಲಿಲ್ಲ. ಗಟ್ಟಿಯಾದದ್ದೇ ಗಂಡನಿಗೆ ಇರಲಿ ಎಂದು ಲೋಹದ್ದು ಹಾಕಿದರು. ಚಳಿಗಾಲದ ಬೆಳಿಗ್ಗೆ, ಹಿಂದಿನ ಅಂಗಳದಲ್ಲಿ ನಾಲ್ಕು ಮಾರು ಹೋಗಿ ನಿಜಲಿಂಗಪ್ಪ ಬ್ರೇಕ್ ಒತ್ತಿದರು. ಪ್ಲೇಟು ಕೂತ ಮಣಿಕಟ್ಟಿಗೆ ಬಲ ಸಾಲದು. ತಣ್ಣನೆಯ ಲೋಹ ಅಂದಿನ ಹಾಗೇ ಕಿರುಚಿತು. ಅವರು ಕಾಲು ಕೊಟ್ಟು ಇಳಿದು, ಸೈಕಲ್ಲನ್ನು ಗೋಡೆಗೆ ಒರಗಿಸಿ, "ಚಳಿ ಐತೆ, ಆಮೇಲೆ ನೋಡಾನ," ಎಂದು ಬಸ್ಸು ಹಿಡಿದರು. ಆ ಆಮೇಲೆ ಎನ್ನುವುದು ಮೂರು ವರ್ಷವಾದರೂ ಬರಲಿಲ್ಲ. ಹೊಸ ಎಲೆಕ್ಟ್ರಿಕ್ ಸೈಕಲ್ ಕೊಡಿಸುತ್ತೇನೆಂದು ಮಗಳು ಫೋನಿನಲ್ಲಿ ಅರ್ಧ ಜರ್ಮನ್ ಅರ್ಧ ಕನ್ನಡದಲ್ಲಿ ಹೇಳಿದ್ದಕ್ಕೂ ಒಪ್ಪಲಿಲ್ಲ. ಕಾಂತಾಮಣಿಯವರ ಕೆಂಪು ಸೈಕಲ್ಲು ವರ್ಕ್‌ಶಾಪಿಗೂ ಮನೆಗೂ ಮಾತ್ರ ಓಡಾಡುತ್ತದೆ. ಒಬ್ಬರೇ ನದಿ ದಂಡೆಗೆ ಹೋಗಲು ಮನಸ್ಸು ಬಂದಿಲ್ಲ.

"ಅವತ್ತೇ ಗೊತ್ತಾಯ್ತು. ನಾನು ಸೈಕಲ್ ನೋಡಿ ಪ್ಯಾಡು ಆರಿಸ್ದೆ, ಅವ್ರ ಕೈ ನೋಡ್ಲಿಲ್ಲ," ಎನ್ನುತ್ತಾರೆ. ಬೆರಳು ಹಿಡಿಸುವ ಪದ್ಧತಿ ಶುರುವಾದದ್ದು ಅದರ ಮಾರನೆಯ ದಿನ.

ಮೆತ್ತಂದು ಹಾಕೋಣವೆಂದರೆ ಆ ಬ್ರೇಕು ಮಾಡುತ್ತಿದ್ದ ಕಂಪನಿ ಆ ನಮೂನೆಯನ್ನೇ ನಿಲ್ಲಿಸಿತ್ತು. ಹಳೆಯ ಪ್ಯಾಡನ್ನು ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ಬಂದ ಹೊಸ ಸರಕಿಗೆಲ್ಲ ಹಿಡಿದು ನೋಡುವುದೇ ಕೆಲಸವಾಯಿತು. ಒಂದರ ಕಿವಿ ಉದ್ದ, ಒಂದರ ತೂತು ಓರೆ. ಹೋದ ತಿಂಗಳು ಅಂಚೆ ಹಂಚುವವರೊಬ್ಬರ ಸಾಮಾನು ಸೈಕಲ್ಲು ರಿಪೇರಿಗೆ ಬಂತು. ಅದರ ಪ್ಯಾಡು ಕಳಚಿ ಅಂಗೈ ಮೇಲಿಟ್ಟುಕೊಂಡಾಗ ಎಲ್ಲೋ ಕಂಡ ಮುಖ ಎನಿಸಿತು. ಡಬ್ಬಿ ತೆಗೆದು ಬೆನ್ನಿಗೆ ಬೆನ್ನು ಕೊಟ್ಟರು. ಅಂಚಿಗೆ ಅಂಚು ಸೇರಿತು. ಬೇರೆ ಕಂಪನಿ, ಬೇರೆ ಹೆಸರು, ಆಕಾರ ಅದೇ. ಮೆತ್ತಂದೂ ಸಿಗುತ್ತಿತ್ತು.

ಈಗ ಮಧ್ಯಾಹ್ನ. ರಚನಾ ಎಂದೋ ಹೊರಟುಹೋದರು, ಹಿಂದಿನಿಂದ ಇನ್ನೂ ಮೂರು ಕುಂಕುಮದ ಸೈಕಲ್ಲುಗಳು ಬಂದು ಹೋದವು. ಡಬ್ಬಿಯಲ್ಲಿ ತಂದ ಚಿತ್ರಾನ್ನವನ್ನು ನಿಂತೇ ತಿಂದು ಮುಗಿಸಿದ ಕಾಂತಾಮಣಿ ಹಸಿರು ಸೈಕಲ್ಲನ್ನು ಕೊಕ್ಕೆಯಿಂದ ಇಳಿಸುತ್ತಾರೆ. ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆಯುತ್ತಾರೆ. ಚಿತ್ರಾನ್ನದ ಒಗ್ಗರಣೆಯೂ ಎಣ್ಣೆಯೇ. ಪಿನ್ನು ಎಳೆದು, ಲೋಹದ ಪ್ಯಾಡು ಕಳಚಿ, ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಜೊತೆಯನ್ನು ಅಂಚಿನಲ್ಲಷ್ಟೇ ಹಿಡಿದು ತಳ್ಳುತ್ತಾರೆ. ಟಕ್ ಎಂದು ಕೂರುತ್ತದೆ. ಹೊಸ ಪ್ಯಾಡು ಹಾಕಿದ ಕೂಡಲೇ ಹಿಡಿಯುವುದಿಲ್ಲ, ಪಳಗಿಸಬೇಕು. ಸೀಟು ಎತ್ತರವಾದರೂ ಲೆಕ್ಕಿಸದೆ ತಾವೇ ಹತ್ತಿ, ಹಿಂದಿನ ಅಂಗಳದಲ್ಲಿ ಹೋಗುವುದು, ಮೆಲ್ಲಗೆ ಒತ್ತುವುದು, ನಿಲ್ಲುವ ಮುಂಚೆ ಬಿಡುವುದು, ಮತ್ತೆ ಹೋಗುವುದು. ಓಬರ್‌ಮಾಯರ್ ಕಿಟಕಿಯಲ್ಲಿ ನಿಂತು ನೋಡುತ್ತಾರೆ. ಅವರ ಕಾಫಿ ಆರಿಹೋಗುತ್ತದೆ.

ನಾಲ್ಕಕ್ಕೆ ಇನ್ನೂ ಹೊತ್ತಿರುವಾಗಲೇ ನಿಜಲಿಂಗಪ್ಪ ಬರುತ್ತಾರೆ. ಬೂದು ಬಣ್ಣದ ಸ್ವೆಟರು, ಇಸ್ತ್ರಿ ಮಾಡಿದ ಪ್ಯಾಂಟು, ಬಲಗೈ ಜೇಬಿನಲ್ಲಿ.

"ಪ್ಯಾಂಟು ಚೈನಿಗೆ ಸಿಕ್ಕುತ್ತೆ. ಕ್ಲಿಪ್ ಹಾಕ್ಲಾ?" ಕಾಂತಾಮಣಿ ಕೇಳುತ್ತಾರೆ.

"ಇಲ್ಲೇ ಎರಡ್ ಹೆಜ್ಜೆ ನೋಡಾದು. ಕ್ಲಿಪ್ ಯಾಕೆ?"

ಕಾಂತಾಮಣಿ ಎರಡು ಬೆರಳು ಚಾಚುತ್ತಾರೆ. ಇದು ಯಾಕೆಂದು ನಿಜಲಿಂಗಪ್ಪ ಕೇಳುವುದಿಲ್ಲ. ಜೇಬಿನಿಂದ ಕೈ ತೆಗೆದು ಹಿಡಿಯುತ್ತಾರೆ. ಇಬ್ಬರೂ ಹಾಗೇ ನಿಂತಿರುತ್ತಾರೆ, ಗಿರಾಕಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು. "ಇಷ್ಟೇ ಸಾಕು," ಎನ್ನುತ್ತಾರೆ ಕಾಂತಾಮಣಿ. "ಇದಕ್ಕಿಂತ ಜೋರು ಬೇಡ."

ನಿಜಲಿಂಗಪ್ಪ ಹತ್ತುತ್ತಾರೆ. ಮೊದಲ ಸುತ್ತಿನಲ್ಲಿ ಹ್ಯಾಂಡಲ್ಲು ಅತ್ತಿತ್ತ ವಾಲುತ್ತದೆ. ಗೋಡೆ ಹತ್ತಿರವಾದಾಗ ಅವರ ಭುಜ ಬಿಗಿಯುವುದು ದೂರದಿಂದಲೇ ಕಾಣುತ್ತದೆ. ಬೆರಳು ಬ್ರೇಕಿನ ಮೇಲೆ ಬರುತ್ತದೆ. ಸೈಕಲ್ಲು ನಿಲ್ಲುತ್ತದೆ. ಸದ್ದಿಲ್ಲ. ಅವರು ಬಗ್ಗಿ ಚಕ್ರವನ್ನು ನೋಡುತ್ತಾರೆ, ನಿಂತಿರುವುದು ನಿಜವೇ ಎಂಬಂತೆ. ಮತ್ತೆ ಹೊರಟು ಮತ್ತೆ ನಿಲ್ಲಿಸುತ್ತಾರೆ. ಮೂರನೆಯ ಸಲ ನಿಲ್ಲಿಸದೆ ತಿರುಗಿಸಿಕೊಂಡು, ಅಂಗಳದ ಗೇಟು ದಾಟಿ, ಗಲ್ಲಿ ಹಿಡಿದು ಹೋಗಿಯೇಬಿಡುತ್ತಾರೆ.

ಕಾಂತಾಮಣಿ ಗೇಟಿನವರೆಗೆ ಹೋಗಿ ನಿಲ್ಲುತ್ತಾರೆ. ಆ ಗಲ್ಲಿಯ ಕೊನೆಯಲ್ಲಿ ಎಡಕ್ಕೆ ಹೋದರೆ ಮನೆ, ಬಲಕ್ಕೆ ಹೋದರೆ ಸೇತುವೆಯ ದಾರಿ. ನಿಜಲಿಂಗಪ್ಪ ಬಲಕ್ಕೆ ತಿರುಗಿದ್ದಾರೆ. ಒಳಗೆ ಫೋನು ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಒಬ್ಬ ಗಿರಾಕಿ ಸೈಕಲ್ಲು ತಂದು ನಿಲ್ಲಿಸಿ ಏನೋ ಕೇಳುತ್ತಾನೆ, ಕಾಂತಾಮಣಿಯವರಿಗೆ ಕೇಳಿಸುವುದಿಲ್ಲ. ಓಬರ್‌ಮಾಯರ್ ಬಂದು ಅವನನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ಕಳಚಿದ ಲೋಹದ ಪ್ಯಾಡು ಯಾವಾಗಲೋ ಕಾಂತಾಮಣಿಯವರ ಮುಷ್ಟಿಗೆ ಬಂದಿದೆ. ಹೆದರಿಕೆಯನ್ನು ಅವರು ಮುಚ್ಚಿಡುವುದೂ ಇಲ್ಲ. "ಸೇತುವೆಗೆ ಹೋಗ್ಬೇಡಿ ಅಂತ ಹೇಳ್ಬೇಕಾಗಿತ್ತು," ಎಂದು ಎರಡು ಸಲ ಹೇಳುತ್ತಾರೆ.

ಬಹಳ ಹೊತ್ತಾದ ಮೇಲೆ ಗಲ್ಲಿಯ ಮೂಲೆಯಲ್ಲಿ ಹಸಿರು ಕಾಣುತ್ತದೆ. ನಿಜಲಿಂಗಪ್ಪನವರ ಬಲಗಾಲಿನ ಪ್ಯಾಂಟು ಚೈನಿನ ಮಸಿ ಬಳಿದುಕೊಂಡಿದೆ. ಕೂದಲು ಗಾಳಿಗೆ ಕೆದರಿ ನಿಂತಿದೆ. ನೇರವಾಗಿ ಬಂದು, ಹೆಂಡತಿಯ ಕಾಲಬೆರಳಿಗೆ ಒಂದು ಗೇಣು ಇರುವಾಗ, ಎರಡೇ ಬೆರಳಿನಲ್ಲಿ ಒತ್ತಿ ನಿಲ್ಲಿಸುತ್ತಾರೆ. ಆಗಲೂ ಸದ್ದಿಲ್ಲ. ಏದುಸಿರು ಬಿಡುತ್ತಿದ್ದಾರೆ. ಇಳಿಯುವುದಿಲ್ಲ.

"ಇನ್ನೊಂದ್ ರೌಂಡ್ ಹೋಗ್ಬರ್ಲಾ?" ಎನ್ನುತ್ತಾರೆ.

ಕಾಂತಾಮಣಿ ಮುಷ್ಟಿಯಲ್ಲಿದ್ದದ್ದನ್ನು ಏಪ್ರನ್ನಿನ ಜೇಬಿಗೆ ಇಳಿಬಿಟ್ಟು, ಬಗ್ಗಿ ಅವರ ಪ್ಯಾಂಟಿಗೆ ಕ್ಲಿಪ್ಪು ಹಾಕುತ್ತಾರೆ. ತಲೆ ಎತ್ತುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

"ಹೋಗ್ಬನ್ನಿ," ಎನ್ನುತ್ತಾರೆ. "ಟೈಮ್ ಬರ್ಕೊಂಡಿಲ್ಲ."